ಹನ್ನೆರಡು ಕುಂಡ, ಒಂದು ಒಡಕು ಬಕೆಟ್ಟು

ನನ್ನ ಭಾವನನ್ನು ಬೈಯಬೇಕು ಅಂತ ನಾನು ಇದನ್ನು ಬರೆಯುತ್ತಿಲ್ಲ. ಬೈಯುವುದಿದ್ದರೆ ಎದುರಿಗೇ ಬೈಯುತ್ತೇನೆ, ಬೈದೂ ಇದ್ದೇನೆ. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು, "ಒಳಗೆ ಹೋಗಿ, ಬಾಗಿಲು ಬಿಡಿ" ಎಂದು ಕೂಗಿ ಕೂಗಿ ಪಳಗಿದ ಗಂಟಲು ನನ್ನದು. ಕದ್ದುಮುಚ್ಚಿ ಬರೆಯುವ ಅಭ್ಯಾಸ ಅದಕ್ಕಿಲ್ಲ. ಬರೆಯುವ ಕಾರಣ ಏನೆಂದರೆ, ಈಚೆಗೆ ಮನೆಗೆ ಬಂದವರಿಗೆಲ್ಲ ಭಾವ ತಮ್ಮ ಚಳಿಗಾಲದ ಟೊಮೆಟೊ ಕಥೆ ಹೇಳುತ್ತಿದ್ದಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ, ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೆ ಅವರು ಹೇಳಿದರೆ ನನ್ನ ಅಕ್ಕ ಕೊನೆಗೆ ಬರುತ್ತಾಳೆ. ನಾನು ಹೇಳಿದರೆ ಮೊದಲಿಗೇ ಬರುತ್ತಾಳೆ.

ನಮ್ಮದು ಮಹಡಿ ಮನೆ. ಕೆಳಗೆ ನಾನು, ಮೇಲೆ ಅಕ್ಕ ಮತ್ತು ಭಾವ, ಅವರ ತಲೆಯ ಮೇಲೆ ತಾರಸಿ. ಸುತ್ತಲೂ ದೊಡ್ಡ ಕಟ್ಟಡಗಳು ಎದ್ದು ನಿಂತ ಮೇಲೆ ತಾರಸಿಗೆ ಬೀಳುವ ಬಿಸಿಲು ಚಿಂದಿ ಚಿಂದಿ. ನೀರಿನ ಟ್ಯಾಂಕಿನ ಗೋಡೆಯ ಬುಡದಲ್ಲಿ ಮಾತ್ರ, ಚಳಿಗಾಲದಲ್ಲಿ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರ ತನಕ ಒಂದೇ ಸಮನೆ ಬಿಸಿಲು. ನಾಲ್ಕು ಹೆಜ್ಜೆ ಅಗಲದ ಆ ಜಾಗ ಅಕ್ಕನದು. ಮಳೆ ನಿಂತ ಕೂಡಲೇ ಅವಳ ಹೊಲಿಗೆ ಯಂತ್ರ ಅಲ್ಲಿಗೆ ಹೋಗುತ್ತದೆ, ಸೆಕೆ ಶುರುವಾದಾಗ ಒಳಗೆ ಬರುತ್ತದೆ. ಹದಿನೆಂಟು ವರ್ಷದಿಂದ ಹೀಗೇ.

ಅದು ಶೋಕಿಗಲ್ಲ. ನಮ್ಮಲ್ಲಿ ಚಳಿ ಅಂಥ ಭಯಂಕರವಾದದ್ದೇನಲ್ಲ. ಸ್ವೆಟರು ಹಾಕಿದರೆ ಸೆಕೆ, ತೆಗೆದರೆ ಚಳಿ, ಅಷ್ಟೇ. ಆದರೆ ಅಕ್ಕನ ಬೆರಳಿನ ಗಂಟುಗಳಿಗೆ ಅಷ್ಟೇ ಸಾಕು. ಅವರ ಹಿಂದಿನ ಕೋಣೆಗೆ ಬಿಸಿಲಿನ ಮುಖವೇ ಗೊತ್ತಿಲ್ಲ. ಅಲ್ಲಿ ಅರ್ಧ ಗಂಟೆ ಕೂತರೆ ಅವಳ ಬೆರಳು ಮಡಿಸಲು ಬರುವುದಿಲ್ಲ, ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗಬೇಕು. ಬಿಸಿಲಲ್ಲಿ ಕೂತರೆ ಅದೇ ಬೆರಳುಗಳು ದಿನಕ್ಕೆ ನಾಲ್ಕು ಸ್ಕರ್ಟು ಹೊಲಿಯುತ್ತವೆ. ಪ್ರತಿ ಚಳಿಗಾಲದಲ್ಲಿ ಒಂದು ಶಾಲೆಯ ಯೂನಿಫಾರ್ಮು ಅವಳ ಪಾಲಿಗೆ ಬರುತ್ತದೆ, ನೂರಿಪ್ಪತ್ತು ನೀಲಿ ಸ್ಕರ್ಟು. ಹೇಳಿದ ದಿನಕ್ಕೆ ಕೊಟ್ಟರೆ ಮುಂದಿನ ವರ್ಷವೂ ಅವಳದೇ. ಕೊಡದಿದ್ದರೆ ಸಿದ್ಧ ಉಡುಪಿನ ಅಂಗಡಿಯವನು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಾನೆ.

ಇನ್ನು ಭಾವ. ಅಳತೆ ತೂಕದ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಅಂಗಡಿಯವರ ತಕ್ಕಡಿ ಪರೀಕ್ಷೆ ಮಾಡಿದವರು. ಬೀದಿಯಲ್ಲಿ ಎಲ್ಲರಿಗೂ 'ತಕ್ಕಡಿ ಸಾಹೇಬರು'. ಒಂದು ಲೋಟ ಚಹಾವನ್ನೂ ಬಿಟ್ಟಿ ಕುಡಿದವರಲ್ಲ, ಆ ಮಾತಿಗೆ ನಾನೇ ಸಾಕ್ಷಿ. ಆದರೆ ಆ ಪ್ರಾಮಾಣಿಕತೆಯ ಜೊತೆ ಬದುಕುವುದು ಅಕ್ಕನ ಕೆಲಸವಾಗಿತ್ತು. ಮನೆಗೆ ಬಂದ ಬ್ರೆಡ್ಡನ್ನು ತೂಗುವುದು, ಹಾಲನ್ನು ಅಳೆಯುವುದು, ಸೋಪಿನ ಮೇಲೆ ಬರೆದ ತೂಕ ಸರಿಯೇ ಅಂತ ಒಡೆಯದೇ ನೋಡುವುದು. ಏನು ತಂದು ಮುಂದಿಟ್ಟರೂ ಅವರ ಬಾಯಲ್ಲಿ ಎರಡೇ ಮಾತು: "ಪಾಸು", ಇಲ್ಲವೇ "ಪಾಸಾಗಲ್ಲ." ನಿವೃತ್ತರಾದ ಮೇಲೆ ಪರೀಕ್ಷೆ ಮಾಡಲು ಅಂಗಡಿಗಳು ಉಳಿಯಲಿಲ್ಲ, ಮನೆಯೊಂದೇ ಉಳಿಯಿತು. ಆರು ತಿಂಗಳು ಅಕ್ಕ ಹೇಗೆ ತಡೆದುಕೊಂಡಳೋ ಅವಳಿಗೇ ಗೊತ್ತು.

ಹಾಗಾಗಿ ಭಾವ ಒಂದು ದಿನ ನರ್ಸರಿಗೆ ಹೋಗಿ ಟೊಮೆಟೊ ಬೀಜದ ಪೊಟ್ಟಣ ಹಿಡಿದುಕೊಂಡು ಬಂದಾಗ ನಾನೇ ಮೊದಲು ಖುಷಿಪಟ್ಟೆ. ಪುಣ್ಯಾತ್ಮ ಇನ್ನು ಗಿಡಗಳ ತಲೆ ತಿನ್ನಲಿ, ನಮ್ಮನ್ನು ಬಿಡಲಿ ಅಂತ. ನರ್ಸರಿ ನಡೆಸುವ ಹೆಂಗಸು, ಬೀದಿಯವರ ಬಾಯಲ್ಲಿ ನರ್ಸರಿಯಮ್ಮ, ಭಾವನಿಗೆ ಹೇಳಿದ್ದಳಂತೆ: "ಇಲ್ಲಿಯ ಚಳಿಗೆ ಹೆದರಬೇಡಿ ಸರ್, ಕುಂಡದಲ್ಲಿ ಹಾಕಿ ಹೊರಗೇ ಇಟ್ಟರೂ ಬರುತ್ತೆ. ಬಿಸಿಲು ನೋಡಿ ಇಡಿ, ನೀರು ಕಮ್ಮಿ ಹಾಕಿ. ಹಣ್ಣಾಗೋದು ನಿಧಾನ, ಅಷ್ಟೇ." ಇಷ್ಟು ಮಾತನ್ನು ಭಾವ ಮೂರು ಪುಟ ಮಾಡಿ ಬರೆದುಕೊಂಡು ಬಂದಿದ್ದರು.

ಹದಿನೈದು ಸಸಿ ಎದ್ದವು. ಭಾವ ಉಕ್ಕಿನ ಅಳತೆ ಪಟ್ಟಿ ಹಿಡಿದು ತಾರಸಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಅಳೆದರು. ಹನ್ನೆರಡು ಆರಿಸಿದರು. ಉಳಿದ ಮೂರನ್ನು ಕಿತ್ತು ಪಕ್ಕಕ್ಕೆ ಎಸೆದರು.

"ಇವು ಪಾಸಾಗಲ್ಲ."

ಅಕ್ಕ ಯಂತ್ರದಿಂದ ತಲೆಯೆತ್ತಿದಳು. "ಯಾಕ್ರೀ, ಪಾಪ ಏನ್ ತಪ್ಪು ಮಾಡಿದ್ವು?"

"ಹನ್ನೆರಡು ಸೆಂಟಿಮೀಟರ್ ಇರ್ಬೇಕು. ಅವೆರಡು ಒಂಬತ್ತೂವರೆ. ಇದಂತೂ ಸೊಟ್ಟ."

"ಸೊಟ್ಟ ಇದ್ರೇನಂತೆ? ನೀವು ನಮ್ಮ ಮದುವೆ ಫೋಟೋದಲ್ಲಿ ಸೊಟ್ಟಕ್ಕೇ ನಿಂತಿದ್ದೀರ. ನಾನೇನು ವಾಪಸ್ ಕಳಿಸಿದ್ನಾ?"

ಅಕ್ಕ ಆ ಸೊಟ್ಟ ಸಸಿಯನ್ನು ಎತ್ತಿಕೊಂಡಳು. ಕರುಣೆಯಿಂದ ಅಲ್ಲ, ಅವಳಿಗೆ ಒಂದು ಭಾರ ಬೇಕಾಗಿತ್ತು. ಮಳೆನೀರು ಹರಿಯಲೆಂದು ತಾರಸಿಯ ನೆಲ ಇಳಿಜಾರು, ಅದಕ್ಕೆ ಅವಳು ಒಂದು ಹಳೆಯ ಬಾಗಿಲನ್ನೇ ಹಲಗೆಯ ಹಾಗೆ ಹಾಸಿ ಅದರ ಮೇಲೆ ಯಂತ್ರ ಮತ್ತು ಸ್ಟೂಲು ಇಟ್ಟುಕೊಳ್ಳುತ್ತಾಳೆ. ತುಳಿಯಲು ಶುರುಮಾಡಿದರೆ ಹಲಗೆಯ ಇನ್ನೊಂದು ತುದಿ ಏಳುತ್ತದೆ. ಅಲ್ಲಿಗೆ ಒಂದು ದೊಡ್ಡ ಕಲ್ಲು ಇಟ್ಟಿದ್ದಳು. ಭಾವ ಆ ಕಲ್ಲನ್ನು ತಮ್ಮ ಗಿಡಗಳ ಹೊದಿಕೆ ಹಾರದಂತೆ ಹೇರಲು ಒಯ್ದಿದ್ದರು, ಕೇಳದೇ. ಅಕ್ಕ ಬಚ್ಚಲಿನ ಒಡಕು ಬಕೆಟ್ಟಿಗೆ ಮಿಕ್ಕಿದ್ದ ಮಣ್ಣು ತುಂಬಿ, ಸೊಟ್ಟ ಸಸಿಯನ್ನು ನೆಟ್ಟು, ಹಲಗೆಯ ತುದಿಗೆ ಇಟ್ಟಳು. ಭಾರಕ್ಕೆ ಭಾರ, ಗಿಡಕ್ಕೆ ಗಿಡ. ಕುಡಿದು ಉಳಿದ ತಣ್ಣನೆಯ ಚಹಾ, ಕೈ ತೊಳೆದ ನೀರು, ಕತ್ತರಿಸಿದ ದಾರದ ಚೂರು ಎಲ್ಲ ಅದಕ್ಕೇ.

ಹನ್ನೆರಡು ಕುಂಡಗಳ ವೈಭೋಗವನ್ನು ಏನಂತ ಹೇಳಲಿ! ಬಿಸಿಲು ಹೀರಲಿ ಅಂತ ಕುಂಡಕ್ಕೆಲ್ಲ ಕಪ್ಪು ಬಣ್ಣ. ಪ್ರತಿಯೊಂದಕ್ಕೂ ನಂಬರು. ಬೆಳಗ್ಗೆ ಏಳಕ್ಕೆ ಮತ್ತು ಸಂಜೆ ಐದಕ್ಕೆ ಉಷ್ಣಮಾಪಕ ನೋಡಿ ರಿಜಿಸ್ಟರಿನಲ್ಲಿ ದಾಖಲೆ. ಅಳತೆ ಲೋಟದಲ್ಲಿ ನೀರು. ಸಂಜೆಯಾದರೆ ಮನೆಯ ಒಳ್ಳೊಳ್ಳೆಯ ಬೆಡ್‌ಶೀಟುಗಳೆಲ್ಲ ಗಿಡಗಳ ಮೈಮೇಲೆ. ನಾವು ಹೊದೆಯುವುದು ತೇಪೆ ಹಾಕಿದ್ದು. ಒಂದು ದಿನ ನಾನು ಡ್ಯೂಟಿ ಮುಗಿಸಿ ಬಂದು ನೋಡುತ್ತೇನೆ, ನನ್ನ ಹೂವಿನ ಬೆಡ್‌ಶೀಟನ್ನು ಏಳನೇ ನಂಬರಿನ ಟೊಮೆಟೊ ಹೊದ್ದು ಮಲಗಿದೆ.

"ಭಾವ, ಅದು ನನ್ನದು!"

"ಏಳನೇದಕ್ಕೆ ಸ್ವಲ್ಪ ಶೀತ ಕಣಮ್ಮಾ. ಎರಡು ದಿನ ತಡ್ಕೋ."

ಅಕ್ಕ ಎಷ್ಟು ಸಲ ಸೀನಿದಳು ಅಂತ ಆ ರಿಜಿಸ್ಟರಿನಲ್ಲಿ ಎಲ್ಲೂ ಇಲ್ಲ, ನಾನು ತೆಗೆದು ನೋಡಿದ್ದೇನೆ.

ಯಂತ್ರದ ಮೇಲೂ ಅವರ ದೂರು ಶುರುವಾಯಿತು. "ಕಡಕಡ ಕಡಕಡ ಅಂತ ಇಡೀ ದಿನ ನಡುಗಿಸ್ತಾ ಇದ್ರೆ ಗಿಡಗಳಿಗೆ ನೆಮ್ಮದಿ ಎಲ್ಲಿಂದ ಬರ್ಬೇಕು? ನರದೌರ್ಬಲ್ಯ ಬಂದುಬಿಡುತ್ತೆ." ಅಕ್ಕ ನಕ್ಕು, "ನಂಗೆ ಬಂದಿಲ್ಲ, ಅವಕ್ಕೆ ಬರುತ್ತಾ?" ಎಂದು ತುಳಿಯುವುದನ್ನು ಮುಂದುವರಿಸಿದಳು.

ಹೂವು ಬಂದವು. ಹನ್ನೆರಡು ಕುಂಡದಲ್ಲೂ ಹಳದಿ ಹೂಗೊಂಚಲು. ಭಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಮೆಟ್ಟಿಲು ಹತ್ತಿಸಿ ತೋರಿಸಿದರು. ವಾರ ಕಳೆಯುವಷ್ಟರಲ್ಲಿ ಹೂವಿನ ತೊಟ್ಟು ಹಳದಿಗೆ ತಿರುಗಿತು, ಒಂದೊಂದಾಗಿ ಪಟಪಟ ಉದುರಿದವು. ಮತ್ತೆ ಹೂವು, ಮತ್ತೆ ಉದುರು. ಒಂದೂ ಕಾಯಿ ಕಚ್ಚಲಿಲ್ಲ. ಭಾವ ಉದುರಿದ ಹೂವುಗಳನ್ನು ಬೆಂಕಿಪೆಟ್ಟಿಗೆಗಳಲ್ಲಿ ತುಂಬಿ ತಾರೀಖು ಬರೆದು ಇಟ್ಟುಕೊಂಡರು. ಗೊಬ್ಬರ ಹೆಚ್ಚಿಸಿದರು, ಕಡಿಮೆ ಮಾಡಿದರು. ಎರಡು ಬೆಡ್‌ಶೀಟು ಹೊದಿಸಿದರು, ಒಂದು ತೆಗೆದರು.

ಆ ಹೊತ್ತಿಗೆ ಒಡಕು ಬಕೆಟ್ಟಿನಲ್ಲಿ ಬಟಾಣಿ ಗಾತ್ರದ ಏಳು ಕಾಯಿ. ಮೊದಲು ನೋಡಿದ್ದು ನಾನು. ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಭಾವ, ಬನ್ನಿ ಬನ್ನಿ! ನಿಮ್ಮ ಫೇಲಾದ ವಿದ್ಯಾರ್ಥಿ ನೋಡಿ!"

ಭಾವ ಬಂದು ನೋಡಿದರು. ಇಂಗು ತಿಂದ ಮಂಗನ ಹಾಗಾಯಿತು ಮುಖ. ಬಗ್ಗಿ ಮಣ್ಣು ಮೂಸಿದರು, ಬಕೆಟ್ಟಿನ ಬಿರುಕು ಅಳೆದರು, ಎಲೆ ತಿರುಗಿಸಿದರು. ಅಕ್ಕ ಪಕ್ಕದಲ್ಲೇ ಕಡಕಡ ತುಳಿಯುತ್ತಿದ್ದಳು, ಹಲಗೆ ನಡುಗುತ್ತಿತ್ತು, ಬಕೆಟ್ಟು ನಡುಗುತ್ತಿತ್ತು, ಹೂಗೊಂಚಲು ನಡುಗುತ್ತಿತ್ತು. ಇಷ್ಟನ್ನೂ ನಾವು ಮೂವರೂ ಆರು ಕಣ್ಣಲ್ಲಿ ನೋಡುತ್ತಲೇ ಇದ್ದೆವು. ಯಾರ ತಲೆಗೂ ಏನೂ ಹೊಳೆಯಲಿಲ್ಲ, ನನ್ನ ತಲೆಯನ್ನೂ ಸೇರಿಸಿ ಹೇಳುತ್ತಿದ್ದೇನೆ. ಆದರೆ ತೀರ್ಪು ಕೊಡುವ ಚಟ ನನಗಿಲ್ಲ, ಭಾವನಿಗಿತ್ತು.

"ಗೊತ್ತಾಯ್ತು," ಎಂದರು. "ಜಾಗ. ಎಲ್ಲಾ ಈ ಜಾಗದ ಗುಣ. ಗೋಡೆ ಬಿಸಿ, ಪೂರ್ತಿ ಬಿಸಿಲು. ಇಲ್ಲಿಟ್ರೆ ಹನ್ನೆರಡೂ ಕಾಯಿ ಬಿಡುತ್ತೆ."

ಬಸ್ಸಿನಲ್ಲಿ ಸೀಟು ಹಿಡಿಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಮೊದಲು ಟವೆಲ್ಲು ಇಡುತ್ತಾರೆ, ಆಮೇಲೆ ಚೀಲ, ಆಮೇಲೆ ಮೊಣಕಾಲು, ಕೊನೆಗೆ ಕೂತಿದ್ದವರೇ ಎದ್ದು ನಿಲ್ಲುತ್ತಾರೆ. ಭಾವ ಅದನ್ನೇ ಮಾಡಿದರು. ಮೊದಲ ದಿನ ನೀರು ಹಾಕುವ ಡಬ್ಬ ಗೋಡೆಗೆ ಒರಗಿತು. ಮರುದಿನ ಒಂದನೇ ನಂಬರು, ಎರಡನೇ ನಂಬರು. ಮೂರನೇ ದಿನ ಅಕ್ಕನ ಸ್ಟೂಲಿನ ಹಿಂದೆ ನಾಲ್ಕು ಕುಂಡ, ಅವಳು ಕೈ ಹಿಂದೆ ಎಳೆದರೆ ಮೊಣಕೈಗೆ ಕುಂಡ. ನಾಲ್ಕನೇ ದಿನ ಬಾಯಿ ಬಿಟ್ಟೇ ಹೇಳಿದರು.

"ಏನೇ, ಒಂದೆರಡು ತಿಂಗಳು ನೀನು ಒಳಗೆ ಹೊಲಿದ್ರೆ ಏನಾಗುತ್ತೆ? ರೂಮು ಖಾಲಿ ಇದೆಯಲ್ಲ. ನಿಂಗೆ ಮೇಲೆ ಸೂರು ಇದೆ, ಈ ಗಿಡಗಳಿಗೆ ಇಲ್ಲ."

ಅಕ್ಕ ಕತ್ತರಿ ಕೆಳಗಿಟ್ಟಳು. "ಒಳಗೆ ನನ್ನ ಕೈ ಓಡಲ್ಲ ಅಂತ ನಿಮಗೆ ಗೊತ್ತಲ್ವಾ? ಸ್ಕೂಲಿನ ಆರ್ಡರು ಇದೆ."

"ಸ್ವೆಟರ್ ಹಾಕ್ಕೋ."

ಇಷ್ಟೇ. ಹದಿನೆಂಟು ವರ್ಷದ ಜಾಗಕ್ಕೆ ಉತ್ತರ, "ಸ್ವೆಟರ್ ಹಾಕ್ಕೋ."

ನನಗೆ ಮೈ ಉರಿದುಹೋಯಿತು. "ಭಾವ, ಟೊಮೆಟೊಗೆ ಬೆಡ್‌ಶೀಟು ಹೊದಿಸ್ತೀರಲ್ಲ, ಅದೇ ಸ್ವೆಟರ್ ಅದಕ್ಕೇ ಹಾಕಿ ಒಳಗಿಡಿ!" ಎಂದೆ. ಅಕ್ಕ ನನ್ನ ಕೈ ಹಿಡಿದಳು. "ಸುಮ್ನಿರೇ. ರಿಟೈರ್ ಆದ್ಮೇಲೆ ಮೊದಲನೇ ಸಲ ಏನೋ ಹಚ್ಚಿಕೊಂಡಿದ್ದಾರೆ. ಒಂದು ಚಳಿಗಾಲ ತಾನೆ." ಅವಳ ಈ ಒಳ್ಳೆಯತನ ಕಂಡರೆ ನನಗೆ ಭಾವನಿಗಿಂತ ಅವಳ ಮೇಲೇ ಹೆಚ್ಚು ಸಿಟ್ಟು ಬರುತ್ತದೆ. ಯಂತ್ರ ಒಳಗೆ ಹೋಯಿತು. ಹಲಗೆಯನ್ನು ಗೋಡೆಗೆ ಒರಗಿಸಿದರು. ಬಕೆಟ್ಟಿಗೆ ಭಾವ ಬಡ್ತಿ ಕೊಟ್ಟು, 'ಹದಿಮೂರು' ಎಂದು ನಂಬರು ಬರೆದು, ಕುಂಡಗಳ ನಡುವೆ ಇಟ್ಟುಕೊಂಡರು.

ಆಮೇಲಿನ ದಿನಗಳ ಕಥೆ ಕೇಳಿ. ಮಧ್ಯಾಹ್ನ ನಾನು ಮೇಲೆ ಹೋದಾಗಲೆಲ್ಲ ಅಕ್ಕ ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿ ಕೂತಿರುತ್ತಿದ್ದಳು. ಹತ್ತು ನಿಮಿಷ ಅದ್ದುವುದು, ಒರೆಸುವುದು, ಒಂದು ಗೆರೆ ಹೊಲಿಯುವುದು, ಮತ್ತೆ ಅದ್ದುವುದು. ದಿನಕ್ಕೆ ನಾಲ್ಕು ಸ್ಕರ್ಟು ಹೊಲಿಯುತ್ತಿದ್ದವಳು ಒಂದಕ್ಕೆ ಇಳಿದಳು. ಮಂಚದ ಮೇಲೆ ಕತ್ತರಿಸಿಟ್ಟ ನೀಲಿ ಬಟ್ಟೆಯ ರಾಶಿ ಇಳಿಯಲೇ ಇಲ್ಲ. ಶಾಲೆಯ ಹೆಡ್‌ಮಿಸ್ಸು ಒಂದು ದಿನ ತಾವೇ ಬಂದು ರಾಶಿ ನೋಡಿ, "ಏನಮ್ಮಾ, ಈ ಸಲ ಆಗುತ್ತೋ ಇಲ್ವೋ? ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ, ಅಂಗಡಿಗೆ ಹೇಳ್ತೀನಿ" ಎಂದರು. ಅಕ್ಕ ಕೈಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು, "ಆಗುತ್ತೆ ಮಿಸ್" ಎಂದಳು. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಾರಸಿಯಲ್ಲಿ? ರಾಜಬಿಸಿಲಲ್ಲಿ ಹನ್ನೆರಡು ಕುಂಡ ಎಲೆಯ ಮೇಲೆ ಎಲೆ ಬಿಟ್ಟವು, ಹೂವಿನ ಮೇಲೆ ಹೂವು ಬಿಟ್ಟವು, ಎಲ್ಲ ಉದುರಿಸಿದವು. ಬೆಂಕಿಪೆಟ್ಟಿಗೆ ಸಾಲದೇ ಬಂತು. ಹದಿಮೂರನೆಯ ಬಕೆಟ್ಟಿನಲ್ಲೂ ಮೇಲಿನ ಗೊಂಚಲುಗಳಲ್ಲಿ ಒಂದೂ ಹೊಸ ಕಾಯಿ ಕಚ್ಚಲಿಲ್ಲ. ಹಳೆಯ ಏಳು ಕಾಯಿಗಳು ಮಾತ್ರ ನಿಧಾನವಾಗಿ ದಪ್ಪಗಾಗಿ, ವಾರಗಟ್ಟಲೆ ಹಸಿರಾಗಿಯೇ ಇದ್ದು, ಕೊನೆಗೆ ಒಂದೊಂದೇ ಕೆಂಪೇರಿದವು. ಭಾವ ಎದೆಯುಬ್ಬಿಸಿಕೊಂಡು ಬೀದಿಯಲ್ಲಿ ಓಡಾಡಿದರು. ಅವರು ಪಾಸು ಮಾಡಿದ ಹನ್ನೆರಡರ ವಿಷಯ ಎತ್ತಿದರೆ, "ಅವು ತಡವಾಗಿ ಬಿಡೋ ಜಾತಿ" ಎನ್ನುತ್ತಿದ್ದರು. ಒಂದೇ ಪೊಟ್ಟಣದ ಬೀಜ!

ಚಳಿಗಾಲ ಮುಗಿಯಲು ಬಂದಾಗ ಒಂದು ಭಾನುವಾರ ನರ್ಸರಿಯ ಅಂಗಳದಲ್ಲಿ ಕುಂಡದ ಗಿಡಗಳ ಪ್ರದರ್ಶನವಿತ್ತು. ಹಣ್ಣು ಮಾತ್ರ ತಂದರೆ ಸಾಲದು, ಗಿಡದ ಸಮೇತ ತರಬೇಕು ಅಂತ ನಿಯಮ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಒಡಕು ಬಕೆಟ್ಟನ್ನು ಬಣ್ಣದ ಕಾಗದದಲ್ಲಿ ಸುತ್ತಿ, ಆಟೋದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋದರು. ಅಕ್ಕನೂ ನಾನೂ ಹಿಂದೆ ನಡೆದುಕೊಂಡು ಹೋದೆವು, ಆಟೋದಲ್ಲಿ ಗಿಡದ ಕೊಂಬೆಗೆ ಜಾಗ ಬೇಕಿತ್ತಂತೆ. ಸ್ಕರ್ಟು ಇನ್ನೂ ನಲವತ್ತೆಂಟು ಬಾಕಿ, ದಿನ ಹನ್ನೆರಡು. ಅಕ್ಕ ದಾರಿಯುದ್ದಕ್ಕೂ ಕೈ ಉಜ್ಜಿಕೊಳ್ಳುತ್ತಲೇ ಇದ್ದಳು.

ನರ್ಸರಿಯಲ್ಲಿ ಬೇರೆ ಕುಂಡಗಳೂ ಇದ್ದವು, ಸೊಪ್ಪು, ಮೆಣಸಿನಕಾಯಿ, ಹೂವು. ಕೆಂಪಾದ ಟೊಮೆಟೊ ನಮ್ಮದೊಂದೇ. ಜನ ಸುತ್ತ ನಿಂತರು. ಭಾವ ರಿಜಿಸ್ಟರು ಬಿಡಿಸಿ ಭಾಷಣ ಶುರುಮಾಡಿದರು. ಸರಾಸರಿ ಉಷ್ಣತೆ, ನೀರಿನ ಪ್ರಮಾಣ, ಗೋಡೆಯ ಬಿಸಿ, 'ನನ್ನ ಪದ್ಧತಿ', 'ನನ್ನ ಸ್ಥಳ ನಿರ್ಣಯ'. ನರ್ಸರಿಯಮ್ಮ ಅದನ್ನು ಕೇಳುತ್ತಿರಲಿಲ್ಲ. ಉಗುರಿನಲ್ಲಿ ಮಣ್ಣು ತುಂಬಿದ ಬೆರಳಿನಿಂದ ಗಿಡವನ್ನು ಕೆಳಗಿನಿಂದ ಮೇಲಕ್ಕೆ ಗೊಂಚಲು ಗೊಂಚಲಾಗಿ ನೋಡುತ್ತಿದ್ದಳು.

"ಸರ್, ಒಂದು ನಿಮಿಷ. ಕೆಳಗಿನ ಎರಡು ಗೊಂಚಲಲ್ಲಿ ಚೆನ್ನಾಗಿ ಕಾಯಿ ಕಚ್ಚಿದೆ. ಅದರ ಮೇಲೆ ನಾಲ್ಕು ಗೊಂಚಲು ಪೂರ್ತಿ ಖಾಲಿ. ಗಿಡ ಆರೋಗ್ಯವಾಗೇ ಇದೆ. ನಡುವೆ ಏನಾಯ್ತು?"

"ಏನೂ ಆಗಿಲ್ಲ. ಇನ್ನೂ ಒಳ್ಳೇ ವ್ಯವಸ್ಥೆ ಮಾಡಿದೆ. ಜಾಗ ಅಚ್ಚುಕಟ್ಟು ಮಾಡಿದೆ."

"ಅಚ್ಚುಕಟ್ಟು ಅಂದ್ರೆ? ಅಲ್ಲಿಂದ ಏನಾದ್ರೂ ತೆಗೆದ್ರಾ?"

ಭಾವ ಬಾಯಿ ತೆರೆದರು. ಅವರಿಗಿಂತ ಮೊದಲು ಹಿಂದಿನಿಂದ ಅಕ್ಕನ ದನಿ ಬಂತು.

"ನನ್ನನ್ನ."

ಎಲ್ಲರೂ ತಿರುಗಿ ನೋಡಿದರು. ಅಕ್ಕ ನಾಚಿಕೊಳ್ಳಲಿಲ್ಲ. "ನಾನು ಅಲ್ಲಿ ಮಿಷಿನ್ ಇಟ್ಕೊಂಡು ಹೊಲೀತಿದ್ದೆ. ಇದು ನನ್ನ ಹಲಗೆ ಮೇಲೆ ಇತ್ತು. ನನ್ನನ್ನ ಎಬ್ಬಿಸಿದ್ರು," ಎಂದಳು.

"ತುಳಿಯೋ ಮಿಷಿನ್ನಾ?" ಎಂದು ಕೇಳಿ ನರ್ಸರಿಯಮ್ಮ ಒಮ್ಮೆಲೇ ನಕ್ಕುಬಿಟ್ಟಳು. "ಅಯ್ಯೋ ಸರ್! ಟೊಮೆಟೊ ಹೂವು ಅಲುಗಾಡಿದ್ರೆ ತಾನೇ ಒಳಗಿನ ಪುಡಿ ಉದುರೋದು, ಕಾಯಿ ಕಚ್ಚೋದು! ಚಳಿಗೆ ಜೇನ್ನೊಣ ಬರಲ್ಲ, ನಿಮ್ಮ ತಾರಸಿಗೆ ಸುತ್ತ ಕಟ್ಟಡ, ಗಾಳಿನೂ ಇಲ್ಲ. ಇವರು ತುಳಿದು ತುಳಿದು ಅಲುಗಾಡಿಸಿದ್ದಾರೆ. ನೀವು ಅವರನ್ನೇ ಎಬ್ಬಿಸಿದ್ರಾ?"

ಯಾರೋ ಕಿಸಕ್ಕೆಂದರು. ಇನ್ಯಾರೋ ಜೋರಾಗಿಯೇ ನಕ್ಕರು. ನಾನು, ನನ್ನ ಆಣೆಗೂ, ಆಗ ನಗಲಿಲ್ಲ. ಅಕ್ಕನ ಕೈ ನೋಡುತ್ತಿದ್ದೆ, ಊದಿಕೊಂಡಿದ್ದವು. ನರ್ಸರಿಯಮ್ಮ ಬಹುಮಾನದ ಚೀಟಿ ತೆಗೆದುಕೊಂಡು, "ಬೆಳೆದವರ ಹೆಸರು ಯಾರದ್ದು ಬರೀಲಿ?" ಎಂದು ಕೇಳಿದಳು. ಭಾವ ರಿಜಿಸ್ಟರು ಮುಚ್ಚಿದರು. ಮೂವತ್ತೆರಡು ವರ್ಷ ಒಂದೇ ಒಂದು ತಪ್ಪು ತೂಕಕ್ಕೆ ಮುದ್ರೆ ಒತ್ತದ ಮನುಷ್ಯ.

"ನೆಟ್ಟಿದ್ದು ಅವಳು," ಎಂದರು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ. "ನಾನು ಫೇಲ್ ಮಾಡಿದ್ದೆ."

ಮನೆಗೆ ಬಂದ ಮೇಲೆ ಭಾವ ಬಹುಮಾನದ ನೀರಿನ ಕ್ಯಾನನ್ನು ಅಕ್ಕನ ಮುಂದಿಟ್ಟು, "ನಾಳೆಯಿಂದ ನೀನು ಹೊರಗೇ ಹೊಲಿ. ಗಿಡಗಳಿಗೂ ಒಳ್ಳೇದು," ಎಂದರು. ಆ ಕೊನೆಯ ಎರಡು ಮಾತು ನುಂಗಿಕೊಂಡಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು? ಅಕ್ಕ ಕ್ಯಾನನ್ನು ಮುಟ್ಟಲಿಲ್ಲ.

"ನಾನು ಬರಲ್ಲ ರೀ."

"ಅಂದ್ರೆ?"

"ದಿನಕ್ಕೆರಡು ಸಲ ಟೊಮೆಟೊಗೆ ಎಷ್ಟು ಡಿಗ್ರಿ ಅಂತ ಬರ್ಕೊಂಡ್ರಿ. ನಾನು ಕೂತಿದ್ದ ರೂಮಲ್ಲಿ ಎಷ್ಟು ಡಿಗ್ರಿ ಇತ್ತು ಅಂತ ಒಂದು ದಿನ ನೋಡಿದ್ರಾ? ಬಿಸಿನೀರಿನ ಪಾತ್ರೆ ಎದುರಿಗೇ ಇತ್ತು, ಏನಕ್ಕೆ ಅಂತ ಕೇಳಿದ್ರಾ? ಕೈ ನೋವು ಬಿಡಿ, ಅದು ಹೋಗುತ್ತೆ. ನನಗೆ ತುಂಬಾ ಬೇಜಾರಾಗಿದೆ."

ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ಅವಳು ಹೇಳಿದ ಮೇಲೆ ನನ್ನ ಬೈಗುಳಕ್ಕೆ ಅಲ್ಲಿ ಕೆಲಸ ಇರಲಿಲ್ಲ.

ಮರುದಿನ ಬೆಳಗ್ಗೆ ಏಳು ಗಂಟೆಗೆ ಭಾವ ತಾರಸಿಗೆ ಹೋಗಲಿಲ್ಲ. ಉಷ್ಣಮಾಪಕ ಹಿಡಿದುಕೊಂಡು ಹಿಂದಿನ ಕೋಣೆಗೆ ಹೋದರು. ಯಂತ್ರದ ಮೇಲೆ ಅದನ್ನಿಟ್ಟು, ಅಕ್ಕನ ಸ್ಟೂಲಿನ ಮೇಲೆ ಕೂತು ಕಾಲು ಗಂಟೆ ಕಾದರು. ಅಳೆಯದೇ ಯಾವುದನ್ನೂ ನಂಬುವ ಜಾತಿಯಲ್ಲ ಅದು. ಹಾಲು ಕೊಡಲು ಮೇಲೆ ಬಂದಿದ್ದ ನಾನು ಬಾಗಿಲಲ್ಲೇ ನಿಂತು ನೋಡಿದೆ. ಕನ್ನಡಕ ಸರಿಮಾಡಿ ನೋಡಿದರು, ರಿಜಿಸ್ಟರಿನಲ್ಲಿ ಬರೆದರು.

"ಹದಿಮೂರು ಡಿಗ್ರಿ," ಎಂದರು ನನಗೆ. "ಇಷ್ಟರಲ್ಲಿ ಟೊಮೆಟೊನೂ ಕಾಯಿ ಕಚ್ಚಲ್ಲ ಕಣಮ್ಮಾ."

ಅವತ್ತು ನಾವಿಬ್ಬರೂ ಸೇರಿ ಯಂತ್ರವನ್ನು ಮೆಟ್ಟಿಲು ಹತ್ತಿಸಿದೆವು. ಭಾವ ಗೋಡೆಯ ಬುಡದಿಂದ ಹನ್ನೆರಡು ಕುಂಡಗಳನ್ನೂ ತಾವೇ ಎತ್ತಿ ತೆಗೆದರು, ಬಾಗಿಲಿನ ಹಲಗೆ ಹಾಸಿದರು, ಕಲ್ಲನ್ನೂ ಅದರ ಜಾಗಕ್ಕೆ ತಂದಿಟ್ಟರು. ಅಕ್ಕ ಬಂದು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಒಂದು ದಿನ ಹೋಯಿತು. ಬಿಸಿಲು ಖಾಲಿ ಸ್ಟೂಲಿನ ಮೇಲೆ ಬಿದ್ದಿತ್ತು. ಗೋಡೆಯ ಬುಡಕ್ಕೆ ಒಂದು ಕುಂಡವನ್ನೂ ವಾಪಸ್ಸು ಇಡಲು ಭಾವನಿಗೆ ಧೈರ್ಯ ಬರಲಿಲ್ಲ.

ಮೂರನೇ ದಿನ ನಾನು ಡ್ಯೂಟಿಯಿಂದ ಬರುವಾಗ ಬೀದಿಗೇ ಕೇಳಿಸಿತು, ಕಡಕಡ ಕಡಕಡ. ಅಕ್ಕ ಕೊನೆಗೂ ಮನಸ್ಸು ಕರಗಿಸಿಕೊಂಡಳೇ ಅಂತ ಓಡಿ ಹತ್ತಿದೆ. ನೋಡಿದರೆ ಸ್ಟೂಲಿನ ಮೇಲೆ ಭಾವ! ದಾರವಿಲ್ಲ, ಬಟ್ಟೆಯಿಲ್ಲ, ಕಣ್ಣು ಮುಚ್ಚಿಕೊಂಡು ಬರೀ ಯಂತ್ರ ತುಳಿಯುತ್ತಿದ್ದಾರೆ. ಹಲಗೆಯ ಮೇಲೆ ನಾಲ್ಕು ಕುಂಡ, ಒಂದರಿಂದ ನಾಲ್ಕರ ತನಕ. ಉಳಿದವು ಪಾಳಿ ಕಾಯುತ್ತಾ ಸಾಲಾಗಿ ನಿಂತಿವೆ. ಪಕ್ಕದ ಕಟ್ಟಡದ ಕಿಟಕಿಗಳಲ್ಲಿ ತಲೆಗಳು. ಆಗ ನಾನು ನಕ್ಕೆ. ವಾರಗಟ್ಟಲೆ ತಡೆದಿಟ್ಟ ನಗು, ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಭಾವ, ನರದೌರ್ಬಲ್ಯ ಬಂದೀತು!"

"ನಿನ್ನ ಬಾಯಿ ಒಂದು ಮುಚ್ಚು," ಎಂದರು ಏದುಸಿರು ಬಿಡುತ್ತಾ. "ಇಪ್ಪತ್ತು ನಿಮಿಷಕ್ಕೇ ಮಂಡಿ ಹಿಡಿದುಕೊಂಡಿತು. ಇವಳು ಇಡೀ ದಿನ ಹೇಗೆ ತುಳೀತಿದ್ಲು?"

ಉತ್ತರ ಹೇಳಬೇಕಾದವಳು ನನ್ನ ಹಿಂದೆಯೇ ಬಂದಿದ್ದಳು. ಕಂಕುಳಲ್ಲಿ ಕತ್ತರಿಸಿದ ನೀಲಿ ಬಟ್ಟೆಯ ಗಂಟು, ಕೈಯಲ್ಲಿ ದಾರದ ಉಂಡೆ, ಕುತ್ತಿಗೆಯಲ್ಲಿ ಅಳತೆ ಟೇಪು. ಗಂಡನನ್ನು ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಯಂತ್ರಕ್ಕೆ ಪೋಣಿಸಲು ದಾರದ ಉಂಡೆಯನ್ನು ನನ್ನ ಕೈಗೆ ಕೊಟ್ಟಳು.

"ಹೇಗೂ ತುಳೀತಾ ಇದ್ದೀರಲ್ಲ," ಎಂದಳು. "ಸೂಜಿ ಕೆಳಗೆ ಬಟ್ಟೆ ಇಡ್ತೀನಿ. ಅಂಚು ಮಡಿಚಿ ಇಟ್ಟಿದ್ದೀನಿ, ನೇರ ಗೆರೆ ಹೊಡೀರಿ."

ಭಾವ ಬಟ್ಟೆಯ ಅಂಚು ಸರಿಮಾಡಿಕೊಂಡು ಮತ್ತೆ ತುಳಿದರು. ಅಕ್ಕ ಒಂದು ಕುರ್ಚಿ ತಂದು ಟ್ಯಾಂಕಿನ ಗೋಡೆಗೆ ಒರಗಿಸಿ, ತನ್ನ ನಾಲ್ಕು ಹೆಜ್ಜೆ ಬಿಸಿಲಿನ ನಟ್ಟನಡುವೆ ಕೂತು, ನೆರಿಗೆ ಹಿಡಿದು ಪಿನ್ನು ಚುಚ್ಚತೊಡಗಿದಳು. ಆರ್ಡರು ಹೇಳಿದ ದಿನಕ್ಕೆ ಹೋಯಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೆಡ್‌ಮಿಸ್ಸು ಮುಂದಿನ ವರ್ಷದ ಬಟ್ಟೆಯ ಮಾತನ್ನೂ ಆಡಿ ಹೋದರು. ನೇರ ಗೆರೆಗಳೆಲ್ಲ ಭಾವನವು, ನೆರಿಗೆಗಳೆಲ್ಲ ಅಕ್ಕನವು. ಕುಂಡಗಳಲ್ಲಿ ಎಂಟು ಕಾಯಿ ಕಚ್ಚಿದವು, ಭಾವ ಹೇಳುವ ಕಥೆಯಲ್ಲಿ ಅದೇ ಮುಖ್ಯ ಅಧ್ಯಾಯ.

ನನಗೆ ಮುಖ್ಯವಾದದ್ದು ಆ ಮೊದಲನೇ ದಿನದ ಮೊದಲನೇ ಸ್ಕರ್ಟು. ಅರ್ಧ ಗಂಟೆ ಬೆವರು ಸುರಿಸಿ ಭಾವ ಒಂದು ಸುತ್ತು ಅಂಚು ಹೊಲಿದು ಮುಗಿಸಿದರು. ಎದ್ದು, ಬಟ್ಟೆ ಕೊಡವಿ, ಎರಡೂ ಕೈಯಲ್ಲಿ ಹಿಡಿದು ತಂದು ಅಕ್ಕನ ಮುಂದೆ ಚಾಚಿದರು. ಅಕ್ಕ ಅವಸರ ಮಾಡಲಿಲ್ಲ. ಕುತ್ತಿಗೆಯಿಂದ ಟೇಪು ತೆಗೆದು ಅಂಚಿನ ಅಗಲವನ್ನು ನಾಲ್ಕು ಕಡೆ ಅಳೆದಳು. ಒಂದು ಕಡೆ ಬೆರಳಿಟ್ಟು ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ತಲೆಯೆತ್ತಿದಳು.

"ಇಲ್ಲಿ ಕಾಲು ಇಂಚು ಕಮ್ಮಿ. ಪಾಸಾಗಲ್ಲ."

ಭಾವ ಬಗ್ಗಿ ಟೇಪನ್ನು ನೋಡಿದರು. ಅವಳ ಅಳತೆ ಸರಿಯಾಗಿಯೇ ಇತ್ತು, ಕಾಲು ಇಂಚು ಕಮ್ಮಿ. ಒಂದು ಬ್ಲೇಡು ಇಸಿದುಕೊಂಡು, ಅವಳ ಕಾಲ ಬಳಿ ನೆಲದ ಮೇಲೆ ಕೂತು, ಹೊಲಿಗೆ ಬಿಚ್ಚತೊಡಗಿದರು.